ಇತಿಹಾಸ ವಿಭಾಗದ ವರ್ಷದ ಸಾಧನೆ ಪಟ್ಟಿ: ಏನು ಸೇರಿಸಲಿ, ಹೇಗೆ ಬರೆಯಲಿ?

ಪ್ರಶ್ನೆ: ಕಡತಪ್ರಿಯೆ

ಎಲ್ಲರಿಗೂ ನಮಸ್ಕಾರ. ನಾನು ವಿಶ್ವವಿದ್ಯಾಲಯವೊಂದರ ಇತಿಹಾಸ ವಿಭಾಗದಲ್ಲಿ ಪಾಠ ಮಾಡುತ್ತೇನೆ, ಸೇರಿ ಮೂರು ವರ್ಷ ಆಯಿತು. ವಿಭಾಗದ ವರ್ಷದ ಸಾಧನೆಗಳ ಪಟ್ಟಿ ಮಾಡುವ ಕೆಲಸ ಈ ಸಲ ನನಗೆ ಬಂದಿದೆ. ಅಧ್ಯಾಪಕರದ್ದು, ವಿದ್ಯಾರ್ಥಿಗಳದ್ದು ಎಲ್ಲ ಸೇರಿ ನಾಲ್ಕು ಪುಟ ಆಗಬೇಕು.

ಎಲ್ಲರಿಗೂ ಮೇಲ್ ಕಳಿಸಿದೆ. ಅಧ್ಯಾಪಕರಿಂದ ಬೇಕಾದಷ್ಟು ಬಂತು. ಒಂದು ಪುಸ್ತಕ, ಕೆಲವು ಲೇಖನ, ಇಂಥ ಸೆಮಿನಾರಿನಲ್ಲಿ ಪೇಪರ್ ಓದಿದ್ದು, ಇಂಥ ಸಮಿತಿಗೆ ಸದಸ್ಯರಾದದ್ದು. ವಿದ್ಯಾರ್ಥಿಗಳಿಂದ ಬಂದದ್ದು ಎರಡೇ ಸಾಲು. ಒಬ್ಬರಿಗೆ ಪಿಎಚ್‌ಡಿ ಆಯಿತು, ಒಬ್ಬರಿಗೆ ಸ್ಕಾಲರ್‌ಶಿಪ್ ಸಿಕ್ಕಿತು. ಅಷ್ಟೇ.

ಆದರೆ ನನ್ನ ಕಣ್ಣೆದುರೇ ನಡೆದದ್ದು ಬೇರೆ. ಎಂಎ ಎರಡನೇ ವರ್ಷದ ಹುಡುಗಿಯೊಬ್ಬಳು ಒಂದು ಹಳೇ ಆಸ್ಪತ್ರೆಯ ರಿಜಿಸ್ಟರುಗಳನ್ನು ಹಿಡಿದು ಎರಡು ತಿಂಗಳು ಕೂತಿದ್ದಳು. ಮೂರು ಜನ ಗುಮಾಸ್ತರ ಕೈಬರಹ. ಒಬ್ಬರದ್ದು ಮುತ್ತು ಪೋಣಿಸಿದ ಹಾಗಿದೆ, ಇನ್ನಿಬ್ಬರದ್ದು ಕಾಗೆ ಕಾಲು ಗುಬ್ಬಿ ಕಾಲು. ಒಂದು ದಿನ ಓಡಿ ಬಂದು, "ಮೇಡಂ, ಈ ಮೂವರು ರೋಗಿಗಳು ಮೂವರಲ್ಲ, ಒಬ್ಬನೇ" ಅಂದಳು. ಹೆಸರನ್ನು ಮೂರು ಥರ ಬರೆದಿದ್ದಾರೆ. ಆದರೆ ಕಸುಬು ಅದೇ, ಕರೆತಂದವರ ಹೆಸರು ಅದೇ, ವಯಸ್ಸು ಮಾತ್ರ ಸಲಕ್ಕೆ ಒಂದು ವರ್ಷ ಏರಿದೆ. ಅವನು ಪ್ರತಿ ವರ್ಷ ಸುಮಾರು ಅದೇ ತಿಂಗಳಲ್ಲಿ, ಅದೇ ಜ್ವರಕ್ಕೆ ಬಂದು ಮಲಗುತ್ತಿದ್ದ.

ಇದನ್ನು ಯಾಕೆ ಕಳಿಸಲಿಲ್ಲ ಅಂತ ಕೇಳಿದೆ. "ಅದು ಸಾಧನೆ ಅಂತ ಅನ್ನಿಸಲಿಲ್ಲ ಮೇಡಂ" ಅಂದಳು. ಆ ಮಾತು ಅವತ್ತಿನಿಂದ ಕೊರೆಯುತ್ತಿದೆ.

ಹೀಗಾಗಿ ಕೇಳುತ್ತಿದ್ದೇನೆ. ಪ್ರಶಸ್ತಿ, ಪದವಿ, ಪ್ರಕಟಣೆ ಯಾವುದೂ ಇಲ್ಲದ ಇಂಥ ಕೆಲಸವನ್ನು ಪಟ್ಟಿಗೆ ಸೇರಿಸಬಹುದಾ? ಸೇರಿಸಿದರೆ ಹೇಗೆ ಬರೆಯುವುದು? ನಾಲ್ಕು ಪುಟವನ್ನು ಯಾರಾದರೂ ನಿಜವಾಗಿ ಓದುವ ಹಾಗೆ ಮಾಡಬೇಕು ಅನ್ನುವುದು ನನ್ನ ಆಸೆ.

ಉತ್ತರ 1: ನಿವೃತ್ತ ಮೇಷ್ಟ್ರು

ಮೇಡಂ, ಮೊದಲು ಆ ಹುಡುಗಿಯದ್ದು ಬರೆಯಿರಿ. ಉಳಿದದ್ದು ಆಮೇಲೆ.

ನಾನು ಈ ಥರದ ಪಟ್ಟಿಗಳನ್ನು ಮೂವತ್ತು ವರ್ಷ ಓದಿದ್ದೇನೆ, ಹಲವು ಸಲ ನಾನೇ ಮಾಡಿದ್ದೇನೆ. ನಾವು ಮಾಡುವ ದೊಡ್ಡ ತಪ್ಪು ಒಂದೇ. ಏನು ಸಿಕ್ಕಿತು ಅಂತ ಬರೆಯುತ್ತೇವೆ, ಏನು ಕಂಡುಹಿಡಿದರು ಅಂತ ಬರೆಯುವುದಿಲ್ಲ.

ಅಮೆರಿಕದ ಇತಿಹಾಸಕಾರ್ತಿ ಲಾರೆಲ್ ಥ್ಯಾಚರ್ ಉಲ್ರಿಚ್ ಅವರನ್ನು ನೋಡಿ. 1991ರಲ್ಲಿ ಅವರಿಗೆ ಇತಿಹಾಸದ ಪುಲಿಟ್ಜರ್ ಬಂತು. ಆಗ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದರು, 1980ರಲ್ಲಿ ಪಿಎಚ್‌ಡಿ ಮಾಡಿದ್ದೂ ಅಲ್ಲೇ. ಪಟ್ಟಿಯಲ್ಲಿ ಪುಲಿಟ್ಜರ್ ಪ್ರಶಸ್ತಿ ಅಂತ ಎರಡು ಪದ ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಆ ಎರಡು ಪದದ ಹಿಂದೆ ಇದ್ದದ್ದು ಒಬ್ಬ ಸೂಲಗಿತ್ತಿಯ ದಿನಚರಿ. ಅಮೆರಿಕದ ಮೇನ್ ಪ್ರಾಂತ್ಯದ ಮಾರ್ಥಾ ಬಲಾರ್ಡ್ 1785ರಿಂದ 1812ರವರೆಗೆ, 27 ವರ್ಷ, ದಿನಕ್ಕೆ ಕೆಲವು ಸಾಲಿನಂತೆ ಬರೆದಿಟ್ಟದ್ದು. ಹವಾಮಾನ, ನೇಯ್ಗೆ, ಯಾರ ಮನೆಯಲ್ಲಿ ಹೆರಿಗೆ, ಯಾರು ಎಷ್ಟು ಕೊಟ್ಟರು. ಅಂಥದ್ದೊಂದು ದಿನಚರಿ ಇದೆ ಅಂತ ಮುಂಚೆಯೇ ಕೆಲವರಿಗೆ ಗೊತ್ತಿತ್ತು. ಸಣ್ಣಪುಟ್ಟ ಮನೆವಾರ್ತೆ, ಇದರಲ್ಲಿ ಏನಿದೆ ಅಂತ ಬಿಟ್ಟಿದ್ದರು. ಉಲ್ರಿಚ್ ಆ ಸಣ್ಣಪುಟ್ಟದ್ದನ್ನೇ ಸಾಲು ಸಾಲಾಗಿ ಎಣಿಸಿದರು. 816 ಹೆರಿಗೆ. ಆ ಎಣಿಕೆ ಮುಗಿದಾಗ ಒಂದು ಇಡೀ ಊರಿನ ಹೆಂಗಸರ ದುಡಿಮೆ, ಸಾಲ, ಕೊಡುಕೊಳ್ಳುವ ವ್ಯವಹಾರ ಎಲ್ಲ ಎದ್ದು ನಿಂತಿತು. ನಿಮ್ಮ ವಿದ್ಯಾರ್ಥಿನಿ ರಿಜಿಸ್ಟರಿನಲ್ಲಿ ಮಾಡಿರುವುದೂ ಇದೇ ಜಾತಿಯ ಕೆಲಸ. ಎಂಎ ಮಟ್ಟದಲ್ಲಿ ಇಷ್ಟು ಮಾಡುವವರು ತೀರಾ ಕಮ್ಮಿ.

ಬರೆಯುವ ರೀತಿಗೆ ಒಂದು ಸಲಹೆ. ಇಂಥವರು ಇಂಥ ವಿಷಯದ ಮೇಲೆ ಪೇಪರ್ ಮಂಡಿಸಿದರು ಅನ್ನುವ ಸಾಲಿನ ಪಕ್ಕಕ್ಕೆ ಇನ್ನೊಂದು ಸಾಲು ಹಾಕಿ. ಇಲ್ಲಿಯವರೆಗೆ ಹೀಗೆ ಅಂದುಕೊಂಡಿದ್ದೆವು, ಈ ಕಾಗದ ನೋಡಿದ ಮೇಲೆ ಹೀಗೆ ಕಾಣುತ್ತದೆ ಅಂತ. ಪುಸ್ತಕ ಬರೆದ ಅಧ್ಯಾಪಕರಿಗೂ ಇದೇ ನಿಯಮ ಇರಲಿ. ಕೆಲವರಿಗೆ ಆ ಸಾಲು ಬರೆದುಕೊಡಲು ಎರಡು ದಿನ ಬೇಕಾಗುತ್ತದೆ, ಕೊಡಿ ಎರಡು ದಿನ.

ಉತ್ತರ 2: ಸಮಿತಿ ಮೆಂಬರ್

ಮೇಷ್ಟ್ರು ಹೇಳಿದ್ದು ಸರಿ, ಆದರೆ ನಾನು ಸ್ವಲ್ಪ ಬೇರೆ ಕಡೆಯಿಂದ ಹೇಳುತ್ತೇನೆ. ಮೇಲಿನ ಕಚೇರಿಗೆ ಬೇಕಾಗಿರುವುದು ಸಂಖ್ಯೆ. ಎಷ್ಟು ಲೇಖನ, ಎಷ್ಟು ಪಿಎಚ್‌ಡಿ, ಎಷ್ಟು ಅನುದಾನ. ಅದನ್ನು ಬೇರೆ ಹಾಳೆಯಲ್ಲಿ ಚೊಕ್ಕವಾಗಿ ಕೊಟ್ಟುಬಿಡಿ. ನಾಲ್ಕು ಪುಟದಲ್ಲಿ ಅದನ್ನೂ ಇದನ್ನೂ ಕಲಸಬೇಡಿ. ಕಲಸಿದರೆ ಎರಡೂ ಕೆಡುತ್ತದೆ.

ಇತಿಹಾಸದವರಿಗೆ ಸಂಖ್ಯೆಯಲ್ಲಿ ಯಾವಾಗಲೂ ಅನ್ಯಾಯ ಆಗುತ್ತದೆ. ಲ್ಯಾಬ್ ವಿಭಾಗಗಳಲ್ಲಿ ವರ್ಷಕ್ಕೆ ಹತ್ತು ಜನ ಸೇರಿ ಹಲವು ಲೇಖನ ತರುತ್ತಾರೆ. ನಮ್ಮಲ್ಲಿ ಒಬ್ಬರೇ ಕೂತು ಒಂದು ಪುಸ್ತಕಕ್ಕೆ ಆರೇಳು ವರ್ಷ ತೆಗೆದುಕೊಳ್ಳುತ್ತಾರೆ. ಟ್ರಿನಿಡಾಡಿನ ಇತಿಹಾಸಕಾರ ಎರಿಕ್ ವಿಲಿಯಮ್ಸ್ ಆಕ್ಸ್‌ಫರ್ಡಿನಲ್ಲಿ ಡಾಕ್ಟರೇಟ್ ಮುಗಿಸಿದ್ದು 1938ರಲ್ಲಿ. ಗುಲಾಮಗಿರಿಗೂ ಬ್ರಿಟನ್ನಿನ ಬಂಡವಾಳಕ್ಕೂ ಇದ್ದ ನಂಟಿನ ಬಗ್ಗೆ ಅವರ ಪುಸ್ತಕ ಹೊರಬಂದದ್ದು 1944ರಲ್ಲಿ. ನಡುವಿನ ಆರು ವರ್ಷದ ಪಟ್ಟಿಗಳಲ್ಲಿ ಆ ಪುಸ್ತಕದ ಹೆಸರೇ ಬರುವ ಹಾಗಿರಲಿಲ್ಲ. ಇವತ್ತಿಗೂ ಆ ವಾದದ ಮೇಲೆ ಜಗಳ ನಡೆಯುತ್ತಲೇ ಇದೆ, ಪುಸ್ತಕ ಬದುಕಿದೆ ಅನ್ನುವುದಕ್ಕೆ ಅದಕ್ಕಿಂತ ಗುರುತು ಬೇಕಾ?

ನಿಮ್ಮ ಮುಖ್ಯಸ್ಥರು ಒಪ್ಪದಿದ್ದರೆ ತೋರಿಸಲು ಎರಡು ಆಧಾರ ಇವೆ. ಸಂಶೋಧನೆಯನ್ನು ಅದು ಅಚ್ಚಾದ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ (ಆ ಪತ್ರಿಕೆಯ ಲೇಖನಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಅನ್ನುವ ಅಂಕಿ) ನೋಡಿ ಅಳೆಯಬೇಡಿ ಅಂತ ಹೇಳುವ ಸ್ಯಾನ್ ಫ್ರಾನ್ಸಿಸ್ಕೋ ಘೋಷಣೆ 2013ರಿಂದ ಇದೆ. ಅಮೆರಿಕನ್ ಹಿಸ್ಟಾರಿಕಲ್ ಅಸೋಸಿಯೇಷನ್ ಕೂಡ 2023ರ ಜನವರಿಯಲ್ಲಿ ಒಂದು ಮಾರ್ಗಸೂಚಿ ಒಪ್ಪಿತು. ಪುಸ್ತಕ, ಲೇಖನ ಮಾತ್ರ ಅಲ್ಲ, ಪಠ್ಯಪುಸ್ತಕ, ಪ್ರದರ್ಶನ, ಪಾಡ್‌ಕಾಸ್ಟ್, ಕೋರ್ಟಿನಲ್ಲಿ ತಜ್ಞರಾಗಿ ಹೇಳುವ ಸಾಕ್ಷಿ, ಇಂಥವನ್ನೂ ಇತಿಹಾಸಕಾರರ ವಿದ್ವತ್ತಿನ ಕೆಲಸ ಅಂತಲೇ ನೋಡಿ ಅನ್ನುತ್ತದೆ ಅದು.

ಇನ್ನೊಂದು ವಿಷಯ, ಇದರಲ್ಲಿ ಖಡಕ್ಕಾಗಿರಿ. ಸಲ್ಲಿಸಿದ್ದು ಬೇರೆ, ಒಪ್ಪಿಗೆ ಆದದ್ದು ಬೇರೆ, ಅಚ್ಚಾದದ್ದು ಬೇರೆ. ಒಂದೇ ಲೇಖನ ಮೂರು ವರ್ಷ ಮೂರು ಪಟ್ಟಿಯಲ್ಲಿ ಬಂದದ್ದನ್ನು ನಾನು ನೋಡಿದ್ದೇನೆ. ಯಾವ ಹಂತ ಅಂತ ಪಕ್ಕದಲ್ಲೇ ಬರೆಯಿರಿ.

ಉತ್ತರ 3: ಐದನೇ ವರ್ಷದ ಸಂಶೋಧಕ

ಮೇಡಂ, ವಿದ್ಯಾರ್ಥಿಗಳ ಕಡೆಯಿಂದ ಒಂದು ಮಾತು. ಮೇಲ್ ಕಳಿಸಿದರೆ ನಾವು ಉತ್ತರ ಕೊಡುವುದಿಲ್ಲ. ಸೋಮಾರಿತನ ಅಲ್ಲ ಅದು. ಸಾಧನೆ ಅನ್ನುವ ಪದ ನೋಡಿದ ತಕ್ಷಣ ನಮ್ಮದು ಯಾವುದೂ ಅಷ್ಟು ದೊಡ್ಡದಲ್ಲ ಅನ್ನಿಸಿಬಿಡುತ್ತದೆ. ಬದಲಿಗೆ ಹತ್ತು ನಿಮಿಷ ಎದುರು ಕೂರಿಸಿಕೊಂಡು, ಈ ವರ್ಷ ಯಾವ ಕಾಗದ ನೋಡಿದೆ, ಅದರಲ್ಲಿ ಏನು ಕಂಡಿತು ಅಂತ ಕೇಳಿ. ಸುಮ್ನೆ ಕೇಳಿ ನೋಡಿ, ನಿಲ್ಲಿಸಲು ಆಗದಷ್ಟು ಮಾತಾಡುತ್ತಾರೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ನಾನು ಎಂಎ ಓದುವಾಗ ಒಂದು ಯೋಜನೆಗೆ ನೂರಾರು ಪುಟ ಹಸ್ತಪ್ರತಿ ನಕಲು ಮಾಡಿಕೊಟ್ಟಿದ್ದೆ. ಅಳಿಸಿಹೋದ ಅಕ್ಷರಗಳನ್ನು ಹಾಳೆ ಓರೆ ಹಿಡಿದು, ಬೆಳಕಿಗೆ ತಿರುಗಿಸಿ ಓದಿದ್ದೆ. ವರ್ಷದ ಕೊನೆಗೆ ಪಟ್ಟಿಯಲ್ಲಿ ಯೋಜನೆ ಬಂತು, ಅದನ್ನು ನಡೆಸಿದವರ ಹೆಸರು ಬಂತು. ನಮ್ಮ ನಾಲ್ವರ ಹೆಸರು ಇರಲಿಲ್ಲ. ಯಾರೂ ಬೇಕು ಅಂತ ಬಿಟ್ಟದ್ದಲ್ಲ, ಯಾರಿಗೂ ನೆನಪಾಗಲಿಲ್ಲ. ಜಾಸ್ತಿ ನೋವಾದದ್ದು ಅದಕ್ಕೇ.

ಹಳಬರು ಇದನ್ನು ಚೆನ್ನಾಗಿ ಮಾಡಿದ್ದೂ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಬರ್ಲಿನ್ನಿನಲ್ಲಿ ಇತಿಹಾಸಕಾರ ರಾಂಕೆ ತಮ್ಮ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಮಧ್ಯಯುಗದ ಮೂಲ ದಾಖಲೆಗಳನ್ನು ಓದಿಸುತ್ತಿದ್ದರು. ಆ ಸೆಮಿನಾರಿನಿಂದ ಜರ್ಮನ್ ಅರಸರ ವರ್ಷಾವಳಿಯ ಸಂಪುಟಗಳು 1837ರಿಂದ ಹೊರಬಂದವು. ಸಂಪಾದಕರು ರಾಂಕೆ, ಆದರೆ ಬರೆದವರು ವಿದ್ಯಾರ್ಥಿಗಳು, ಅವರವರ ಹೆಸರಿನಲ್ಲೇ. ಮೊದಲನೇ ಹೆನ್ರಿ ದೊರೆಯ ಸಂಪುಟ ಬರೆದ ಗೇಯೊರ್ಗ್ ವೈಟ್ಜ್‌ಗೆ ಆಗ ಇಪ್ಪತ್ತನಾಲ್ಕರ ಆಸುಪಾಸು ವಯಸ್ಸು. ಮುಂದೆ ಅದೇ ವೈಟ್ಜ್ 1849ರಲ್ಲಿ ಗೋಟಿಂಗೆನ್‌ಗೆ ಪ್ರೊಫೆಸರ್ ಆಗಿ ಹೋಗಿ, ಅಲ್ಲಿ ತನ್ನದೇ ಸೆಮಿನಾರ್ ಬೆಳೆಸಿದರು. ಗುರುವಿನ ಹೆಸರು ಒಂದು ಚೂರೂ ಕಮ್ಮಿಯಾಗಲಿಲ್ಲ, ಅಲ್ವಾ?

ದಯವಿಟ್ಟು ನಿಮ್ಮ ಪಟ್ಟಿಯಲ್ಲಿ ಪ್ರತಿ ಯೋಜನೆಯ ಕೆಳಗೆ ಕಾಗದ ಮುಟ್ಟಿದ ಎಲ್ಲರ ಹೆಸರು ಹಾಕಿ.

ಉತ್ತರ 4: ಪತ್ರಾಗಾರದ ಮೇಜು

ನಾನು ವಿಭಾಗದವನಲ್ಲ, ಪತ್ರಾಗಾರದಲ್ಲಿ ಕೆಲಸ. ನಿಮ್ಮ ವಿದ್ಯಾರ್ಥಿಗಳಿಗೆ ಕಟ್ಟು ತೆಗೆದುಕೊಡುವವನು ನಾನು, ಅಥವಾ ನನ್ನಂಥವರು.

ಮೊದಲು ಒಂದು ಎಚ್ಚರಿಕೆ. ಆಸ್ಪತ್ರೆ ರಿಜಿಸ್ಟರು ಅಂದಿರಿ. ಪಟ್ಟಿಯಲ್ಲಿ ರೋಗಿಯ ಹೆಸರು ಹಾಕಬೇಡಿ. ವೈದ್ಯಕೀಯ ದಾಖಲೆಗಳನ್ನು ಇಷ್ಟು ವರ್ಷದವರೆಗೆ ತೆರೆಯಬಾರದು, ಹೆಸರು ಬಳಸಬಾರದು ಅನ್ನುವ ನಿಯಮ ಹಲವು ಪತ್ರಾಗಾರಗಳಲ್ಲಿದೆ. ಆ ರಿಜಿಸ್ಟರು ಎಲ್ಲಿದೆಯೋ ಅವರನ್ನು ಒಂದು ಮಾತು ಕೇಳಿ. ಆ ಹುಡುಗಿಯನ್ನೂ ಕೇಳಿ. ಅವಳು ಇದನ್ನೇ ಮುಂದೆ ಲೇಖನ ಮಾಡುವುದಿದ್ದರೆ ಎಷ್ಟು ಬಿಚ್ಚಿಡಬೇಕು ಅನ್ನುವುದು ಅವಳ ನಿರ್ಧಾರ.

ಇನ್ನು ಸಾಧನೆ ವಿಷಯ. ಅಮೆರಿಕದ ಕಪ್ಪು ಇತಿಹಾಸಕಾರ ಜಾನ್ ಹೋಪ್ ಫ್ರಾಂಕ್ಲಿನ್ ಅವರ ಹೆಸರಿನ ಮುಂದೆ 1941, ಹಾರ್ವರ್ಡ್, ಪಿಎಚ್‌ಡಿ ಅಂತ ಒಂದು ಸಾಲು ಇದೆ. ಆ ಸಾಲಿಗಾಗಿ 1939ರಲ್ಲಿ ಅವರು ನಾರ್ತ್ ಕ್ಯಾರೊಲಿನಾ ರಾಜ್ಯದ ಪತ್ರಾಗಾರಕ್ಕೆ ಹೋದರು. ಕಪ್ಪು ಜನರಿಗೆ ಅಲ್ಲಿ ಕೂರಲು ಜಾಗವೇ ಇರಲಿಲ್ಲ. ಕೆಲವು ದಿನ ಬಿಟ್ಟು ಬನ್ನಿ ಅಂತ ಹೇಳಿ ಅವರಿಗಾಗಿ ಬೇರೆ ಕೋಣೆ ಮಾಡಿದರು. ಬಿಳಿಯ ಸಿಬ್ಬಂದಿ ಅವರಿಗೆ ಕಡತ ತಂದುಕೊಡುವ ಹಾಗೆ ಆಗಬಾರದು ಅಂತ, ಉಗ್ರಾಣದ ಕೀಲಿಯನ್ನೇ ಅವರ ಕೈಗೆ ಕೊಟ್ಟರು. ಅವರೇ ಗಾಡಿ ತಳ್ಳಿಕೊಂಡು ಹೋಗಿ ಬೇಕಾದ ಕಟ್ಟು ತಂದುಕೊಳ್ಳುತ್ತಿದ್ದರು. ಬಿಳಿಯ ಸಂಶೋಧಕರು ಅದನ್ನು ನೋಡಿ, ನಮಗೂ ಕೀಲಿ ಕೊಡಿ ಅಂತ ತಕರಾರು ಎತ್ತಿದರು. ಕೀಲಿ ವಾಪಸ್ ಹೋಯಿತು. ಅವರು ಓದುತ್ತಿದ್ದದ್ದು ಅದೇ ರಾಜ್ಯದಲ್ಲಿ ಅಂತರ್ಯುದ್ಧಕ್ಕೆ ಮುಂಚೆ ಗುಲಾಮರಾಗಿರದ ಕಪ್ಪು ಜನ ಹೇಗೆ ಬದುಕಿದ್ದರು ಅನ್ನುವುದನ್ನು. 2006ರಲ್ಲಿ ಅವರಿಗೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕೊಡುವ ಕ್ಲೂಗೆ ಪ್ರಶಸ್ತಿ ಬಂತು. ನನಗೆ ಅವರ ಹೆಸರು ಕೇಳಿದಾಗ ನೆನಪಾಗುವುದು ಪ್ರಶಸ್ತಿ ಅಲ್ಲ, ಆ ಕೀಲಿ.

ಪ್ರತಿಯೊಬ್ಬರಿಗೂ ಅಷ್ಟು ದೊಡ್ಡ ಕಥೆ ಇರುವುದಿಲ್ಲ. ಆದರೂ ಯಾವ ಪತ್ರಾಗಾರ, ಯಾವ ಕಟ್ಟು, ಎಷ್ಟು ದಿನ ಅನ್ನುವುದನ್ನು ಒಂದು ಸಾಲಿನಲ್ಲಿ ಬರೆಯಿರಿ. ಮುಂದಿನ ವರ್ಷ ಬರುವ ಹುಡುಗರಿಗೆ ಅದು ದಾರಿ ತೋರಿಸುತ್ತದೆ.

ಮತ್ತೆ: ಕಡತಪ್ರಿಯೆ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಸಂಖ್ಯೆಯ ಹಾಳೆ ಬೇರೆ ಮಾಡಿದೆ. ಮುಖ್ಯಸ್ಥರು 2023ರ ಮಾರ್ಗಸೂಚಿ ಓದಿ ಒಪ್ಪಿದರು.

ಈ ವಾರ ಹದಿನಾಲ್ಕು ವಿದ್ಯಾರ್ಥಿಗಳ ಜೊತೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡಿದೆ. ಎರಡು ಸಾಲು ಇದ್ದದ್ದು ಈಗ ಒಂದೂವರೆ ಪುಟ ಆಗಿದೆ. ಒಬ್ಬ ಹುಡುಗ ತನ್ನ ಅಜ್ಜಿಯ ತಲೆಮಾರಿನ ಕಾರ್ಖಾನೆ ಕೆಲಸಗಾರರನ್ನು ಮಾತಾಡಿಸಿ ಧ್ವನಿಮುದ್ರಣ ಮಾಡಿದ್ದಾನೆ, ನಮ್ಮಲ್ಲಿ ಯಾರಿಗೂ ಗೊತ್ತೇ ಇರಲಿಲ್ಲ. ಯೋಜನೆಗಳ ಕೆಳಗೆ ಎಲ್ಲರ ಹೆಸರೂ ಹಾಕಿದ್ದೇನೆ.

ರಿಜಿಸ್ಟರಿನ ಹುಡುಗಿಯ ಸಾಲು ನಾವಿಬ್ಬರೂ ಸೇರಿ ಬರೆದೆವು. "ಹೆಸರಿನ ಕಾಗುಣಿತ ಮಾತ್ರ ನೋಡಿ ಎಣಿಸಿದರೆ ಬೇರೆ ಬೇರೆ ರೋಗಿಗಳು ಅನ್ನಿಸುವ ನಮೂದುಗಳನ್ನು ಕಸುಬು, ವಯಸ್ಸು, ಕರೆತಂದವರ ಹೆಸರು ಹೋಲಿಸಿ ಒಂದೇ ವ್ಯಕ್ತಿಯವೆಂದು ಗುರುತಿಸಿದ್ದಾರೆ. ಕೆಲವರು ವರ್ಷ ವರ್ಷವೂ ಮರಳಿ ಬರುತ್ತಿದ್ದರೆಂದು ಇದರಿಂದ ತಿಳಿಯುತ್ತದೆ." ರೋಗಿಯ ಹೆಸರು ಹಾಕಲಿಲ್ಲ.

ಅವಳು ಅದನ್ನು ಎರಡು ಸಲ ಓದಿದಳು. ಆಮೇಲೆ, "ಮೇಡಂ, ಎರಡನೇ ರಿಜಿಸ್ಟರಿನ ಕೊನೆಯ ಹಾಳೆಗಳು ಗೆದ್ದಲು ತಿಂದು ಹೋಗಿವೆ, ಅವು ಈ ಲೆಕ್ಕದಲ್ಲಿಲ್ಲ ಅಂತಲೂ ಸೇರಿಸಿ" ಅಂದಳು. ಸೇರಿಸಿದ್ದೇನೆ.