ಸೀಟಿನಡಿಯ ಸಬ್‌ವೂಫರ್‌ಗೆ ಜೀವ ಬರಿಸುವುದು ಹೇಗೆ?

ಪ್ರಶ್ನೆ, ಆಸ್ಟಿನ್‌ನಿಂದ:

ಹೋದ ತಿಂಗಳು ಸೆಕೆಂಡ್ ಹ್ಯಾಂಡ್ ಪಿಕಪ್ ಟ್ರಕ್ ತಗೊಂಡೆ, ನಾಲ್ಕು ಬಾಗಿಲಿನದು. ಹಿಂದಿನ ಸೀಟಿನ ಕೆಳಗೆ ಬೇಸ್‌ಗೆ, ಅಂದರೆ ಆಳದ ಸದ್ದಿಗೆ, ಅಂತಲೇ ಕಂಪನಿಯಲ್ಲೇ ಕೂರಿಸಿದ 8 ಇಂಚಿನ ಸ್ಪೀಕರ್, ಸಬ್‌ವೂಫರ್ ಇದೆ. ಇದೆ ಅಂತ ಬ್ರೋಷರ್ ಹೇಳುತ್ತದೆ, ಕಿವಿ ಒಪ್ಪುತ್ತಿಲ್ಲ. ಡೊಳ್ಳು ಕುಣಿತದ ರೆಕಾರ್ಡಿಂಗ್ ಹಾಕಿದರೆ ಎಣ್ಣೆ ಡಬ್ಬ ಬಡಿದ ಹಾಗೆ ಕೇಳುತ್ತದೆ. ವಾಲ್ಯೂಮ್ ಏರಿಸಿದಷ್ಟೂ ಬೇಸ್ ಇಳಿಯುತ್ತದೆ. ಜೊತೆಗೆ ಹಿಂದೆ ಎಲ್ಲೋ ಗಿರಗಿರ ಸದ್ದು. ಒಂದು ಅಂಗಡಿಯವರು ಸೀಟು ಎತ್ತಿಯೂ ನೋಡಲಿಲ್ಲ, "ಎಲ್ಲ ಕಿತ್ತು ಹೊಸದು ಹಾಕೋಣ, 1,200 ಡಾಲರ್" ಅಂದರು. ಅಷ್ಟು ಸುರಿಯುವ ಮೊದಲು ನಾನೇ ಏನಾದರೂ ನೋಡಬಹುದಾ?

ಸಿಯಾಟಲ್‌ನಿಂದ:

ಮೊದಲು ಸೆಟ್ಟಿಂಗ್ ನೋಡಿ. ಫೋನಿನ ಈಕ್ವಲೈಜರ್ ಆಫ್ ಮಾಡಿ. ಸರೌಂಡ್ ಇದ್ದರೆ ಅದನ್ನೂ ಆಫ್ ಮಾಡಿ. ಬ್ಲೂಟೂತ್ ಬಿಟ್ಟು ಪೆನ್ ಡ್ರೈವಿನಿಂದ ಒಂದು ಒಳ್ಳೆಯ ಫೈಲ್ ಹಾಕಿ ಕೇಳಿ. ಇನ್ನೊಂದು ಮಾತು. ಎಪ್ಪತ್ತರ ದಶಕದ ಸಿನಿಮಾ ಹಾಡು ಹಾಕಿ ಬೇಸ್ ಇಲ್ಲ ಅನ್ನಬೇಡಿ. ಆ ರೆಕಾರ್ಡಿಂಗ್‌ಗಳಲ್ಲಿ ಆಳದ ಸದ್ದು ಇರುವುದೇ ಕಮ್ಮಿ. ಇಲ್ಲದ್ದನ್ನು ಸಬ್‌ವೂಫರ್ ಎಲ್ಲಿಂದ ತರುತ್ತದೆ?

ಮಿಶಿಗನ್‌ನಿಂದ:

1,200 ಡಾಲರ್ ಜೇಬಲ್ಲೇ ಇರಲಿ. ನನಗೂ ಇದೇ ಆಗಿತ್ತು. ಇಪ್ಪತ್ತು ಡಾಲರಿನ ಒಂದು ಮಲ್ಟಿಮೀಟರ್ ತಗೊಂಡು ಶನಿವಾರ ಬೆಳಿಗ್ಗೆ ಕೂತುಕೊಳ್ಳಿ.

ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಸೀಟಿನಡಿ ಹಳದಿ ಕನೆಕ್ಟರ್ ಕಂಡರೆ ಕೈ ಹಾಕಬೇಡಿ, ಅದು ಏರ್‌ಬ್ಯಾಗಿನದು. ಸಬ್‌ವೂಫರಿನ ವೈರ್ ಕಳಚಿ, ಸಬ್‌ವೂಫರ್ ಕಡೆಯ ಎರಡು ತುದಿಗೆ ಮೀಟರ್ ಹಿಡಿಯಿರಿ. ಒಳಗಿನ ತಂತಿ ಸುರುಳಿ, ಅಂದರೆ ಕಾಯಿಲ್, 4 ಓಮ್‌ನದಾದರೆ (ಓಮ್ ಅಂದರೆ ಕರೆಂಟಿಗೆ ಇರುವ ತಡೆಯ ಅಳತೆ) ಮೀಟರ್ 3ರಿಂದ 4ರ ನಡುವೆ ತೋರಿಸುತ್ತದೆ. ಏನೂ ತೋರಿಸದೆ 'ಓಎಲ್' ಅಂದರೆ ಕಾಯಿಲ್ ಸುಟ್ಟಿದೆ ಅಥವಾ ತಂತಿ ಕಡಿದಿದೆ. ಆಮೇಲೆ ಒಂದು ಎಎ ಸೆಲ್ ತಗೊಂಡು ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಒಂದು ಕ್ಷಣ ಮುಟ್ಟಿಸಿ. ಸ್ಪೀಕರಿನ ಮುಂದೆ ಅದುರುವ ಭಾಗ, ಅಂದರೆ ಕೋನ್, ಹೊರಗೆ ಹಾರಬೇಕು. ಒಳಗೆ ಹೋದರೆ ವೈರ್ ಉಲ್ಟಾ.

ನನ್ನದರಲ್ಲಿ ಎರಡು ಕಾಯಿಲ್ ಇದ್ದವು. ಹಿಂದೆ ಯಾರೋ ರಿಪೇರಿ ಮಾಡಿ ಒಂದನ್ನು ಸರಿಯಾಗಿ, ಇನ್ನೊಂದನ್ನು ಉಲ್ಟಾ ಜೋಡಿಸಿದ್ದರು. ಒಂದು ಕೋನನ್ನು ಮುಂದೆ ತಳ್ಳುತ್ತಿತ್ತು, ಇನ್ನೊಂದು ಹಿಂದೆ ಎಳೆಯುತ್ತಿತ್ತು. ಎತ್ತು ಏರಿಗೆ, ಕೋಣ ನೀರಿಗೆ! ಮೀಟರ್‌ನಲ್ಲಿ ಎರಡೂ ಸರಿ ಕಾಣುತ್ತಿದ್ದವು, ಸದ್ದು ಮಾತ್ರ ಇಲ್ಲ. ಒಂದು ವೈರ್ ತಿರುಗಿಸಿದ ಮೇಲೆ ಹಿಂದಿನ ಕಿಟಕಿ ನಡುಗಿತು. ಖರ್ಚು ಸೊನ್ನೆ.

ಎಲ್ಲ ಸರಿ ಇದ್ದರೂ ಒಂದು ಪರೀಕ್ಷೆ ಬಿಡಬೇಡಿ. ಡ್ರೈವರ್ ಸೀಟಿನಲ್ಲಿ ಕೂತು ಬೇಸ್ ಗಿಟಾರ್ ಚೆನ್ನಾಗಿರುವ ಹಾಡು ಕೇಳಿ. ಆಮೇಲೆ ಸಬ್‌ವೂಫರಿನ ಪ್ಲಸ್ ಮೈನಸ್ ಅದಲು ಬದಲು ಮಾಡಿ ಮತ್ತೆ ಕೇಳಿ. ಬಾಗಿಲಿನ ಸ್ಪೀಕರ್ ಮುಂದಕ್ಕೆ ತಳ್ಳುವಾಗ ಸಬ್ ಹಿಂದಕ್ಕೆ ಎಳೆದರೆ ಸುಮಾರು 80 ಹರ್ಟ್ಜ್ (ಸೆಕೆಂಡಿಗೆ 80 ಕಂಪನ) ಹತ್ತಿರ ಎರಡೂ ಒಂದನ್ನೊಂದು ತಿಂದುಹಾಕುತ್ತವೆ. ಯಾವುದರಲ್ಲಿ ಗುಮ್ಮು ಜಾಸ್ತಿಯೋ ಅದೇ ಸರಿ. ಹೀಗೆ ಬದಲಿಸಿದರೆ ಏನೂ ಕೆಡುವುದಿಲ್ಲ.

ಬೆಂಗಳೂರಿನಿಂದ:

ಜೆ.ಸಿ. ರಸ್ತೆಯಲ್ಲಿ ಎಂಟು ವರ್ಷ ಕಾರ್ ಸ್ಟೀರಿಯೋ ಕೂರಿಸಿದ್ದೇನೆ. ನಿಮ್ಮ ಟ್ರಕ್ ನೋಡಿಲ್ಲ, ಆದರೆ ಓಮ್ ಎಲ್ಲ ಕಡೆಯೂ ಒಂದೇ ಅಲ್ವಾ? ಗಿರಾಕಿಗಳು ಮಾಡುವ ದೊಡ್ಡ ತಪ್ಪು ಇದು: ಸ್ಪೀಕರಿಗೆ ಪವರ್ ಕೊಡುವ ಹಳೆಯ ಆಂಪ್ಲಿಫೈಯರ್ (ಆಂಪ್) ಹಾಗೇ ಬಿಟ್ಟು, ಆನ್‌ಲೈನಿನಲ್ಲಿ ಚೆಂದ ಕಂಡ ಸಬ್‌ವೂಫರ್ ತಂದು ಹಾಕುವುದು. ಹಳೆಯದು 2 ಓಮ್, ಹೊಸದು 4 ಓಮ್ ಆದರೆ ಆಂಪ್‌ನಿಂದ ಬರುವ ಪವರ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ದುಡ್ಡು ಕೊಟ್ಟು ಸದ್ದು ಕಮ್ಮಿ ಮಾಡಿಕೊಂಡ ಹಾಗೆ. ತೀರಾ ಕಡಿಮೆ ಓಮ್ ಹಾಕಿದರೆ ಆಂಪ್ ಬಿಸಿಯಾಗಿ ಸಾಯುತ್ತದೆ. 4 ಓಮ್‌ನ ಎರಡು ಕಾಯಿಲ್ ಇರುವ ಸಬ್ ಆದರೆ ಪ್ಯಾರಲಲ್‌ನಲ್ಲಿ (ಅಕ್ಕಪಕ್ಕ ಜೋಡಿಸಿದರೆ) 2, ಸೀರೀಸ್‌ನಲ್ಲಿ (ಒಂದರ ಹಿಂದೆ ಒಂದು ಜೋಡಿಸಿದರೆ) 8 ಓಮ್. ಮೊದಲು ಹಳೆಯದನ್ನು ಅಳೆದು, ಆಮೇಲೆ ಕೊಳ್ಳಿ. ಸೀಟಿನಡಿ ಎಷ್ಟು ಆಳ ಇದೆ ಅಂತಲೂ ಅಳೆಯಿರಿ, ಆಳ ಕಮ್ಮಿ ಇರುವ ಶ್ಯಾಲೋ ಮೌಂಟ್ ಸಬ್ಬೇ ಬೇಕಾಗಬಹುದು.

ಒರೆಗಾನ್‌ನಿಂದ:

ಕಾರ್ಪೆಟ್ ಕೈಯಿಂದ ಮುಟ್ಟಿ ನೋಡಿ. ಪಿಕಪ್‌ಗಳಲ್ಲಿ ಕ್ಯಾಬಿನ ಹಿಂಭಾಗದಲ್ಲಿ, ಮೇಲೆ ಇರುವ ಮೂರನೇ ಬ್ರೇಕ್ ಲೈಟಿನ ಸೀಲ್ ಹಳೆಯದಾದರೆ ನೀರು ಒಳಗೆ ಇಳಿಯುತ್ತದೆ. ಸರಿಯುವ ಹಿಂಗಿಟಕಿಯಿಂದಲೂ ಇಳಿಯುತ್ತದೆ. ಅದು ಬಂದು ಸೇರುವುದು ಸಬ್ ಮತ್ತು ಆಂಪ್ ಇರುವ ಜಾಗಕ್ಕೇ. ನಮ್ಮಲ್ಲಿ ಮಳೆ ಜಾಸ್ತಿ, ನಾನು ಎರಡು ಸಲ ಕಲಿತೆ.

ನಾರ್ತ್ ಕ್ಯಾರೊಲಿನಾದಿಂದ:

ವಾಲ್ಯೂಮ್ ಏರಿಸಿದರೆ ಬೇಸ್ ಇಳಿಯುವುದು ಕೆಟ್ಟಿರುವುದರಿಂದಲ್ಲ. ಕಂಪನಿಯವರು ಬೇಕಂತಲೇ ಹಾಗೆ ಮಾಡಿರುತ್ತಾರೆ. ಸಣ್ಣ ಸ್ಪೀಕರ್ ಹರಿಯದಿರಲಿ ಅಂತ ಒಳಗಿನ ಪ್ರೊಸೆಸರ್ ವಾಲ್ಯೂಮ್ ಜೊತೆಗೆ ಕೆಳಗಿನ ಸ್ವರಗಳನ್ನು ಕತ್ತರಿಸುತ್ತಾ ಹೋಗುತ್ತದೆ. ಸಬ್ ಬದಲಾಯಿಸಿದರೆ ಇದು ಸರಿಹೋಗುವುದಿಲ್ಲ, ಬೇರೆ ಆಂಪ್ ಹಾಕಿದರೂ ಸಿಗ್ನಲ್ ಕತ್ತರಿಸಿಕೊಂಡೇ ಬರುತ್ತದೆ. ನಾನು ಆಡಿಯೋಕಂಟ್ರೋಲ್‌ನವರ ಎಲ್‌ಸಿ2ಐ ಹಾಕಿದೆ. ಸ್ಪೀಕರ್ ವೈರಿನಿಂದ ಸಿಗ್ನಲ್ ತಗೊಂಡು, ಕತ್ತರಿಸಿದ ಬೇಸನ್ನು ತಕ್ಕಮಟ್ಟಿಗೆ ತುಂಬಿ ಹೊಸ ಆಂಪ್‌ಗೆ ಕೊಡುತ್ತದೆ.

ಆಂಪ್‌ನ ಗೇನ್ ತಿರುಗಣೆ ವಾಲ್ಯೂಮ್ ಅಲ್ಲ, ಒಳಬರುವ ಸಿಗ್ನಲ್‌ಗೆ ಆಂಪನ್ನು ಹೊಂದಿಸುವುದು, ಇದನ್ನು ದಯವಿಟ್ಟು ನೆನಪಿಡಿ. ಎಷ್ಟು ವೋಲ್ಟ್‌ಗೆ ಇಡಬೇಕು ಅಂತ ತಿಳಿಯಲು ಪವರನ್ನು ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೆಯಿರಿ. 200 ವಾಟ್, 2 ಓಮ್ ಆದರೆ 20 ವೋಲ್ಟ್. ಸಬ್ ಕಳಚಿ, ಸ್ಟೀರಿಯೋ ಮುಕ್ಕಾಲು ವಾಲ್ಯೂಮ್‌ಗೆ ಇಟ್ಟು, 50 ಹರ್ಟ್ಜ್ ಟೋನ್ ಹಾಕಿ, ಆಂಪ್ ಔಟ್‌ಪುಟ್‌ನಲ್ಲಿ ಎಸಿ ವೋಲ್ಟ್ ಅಳೆಯುತ್ತಾ 20 ಬರುವವರೆಗೆ ಗೇನ್ ಏರಿಸಿ. ಅಲ್ಲಿಗೆ ನಿಲ್ಲಿಸಿ. ಬೇಸ್ ಬೂಸ್ಟ್ ಸೊನ್ನೆಯಲ್ಲೇ ಇರಲಿ. ಬ್ಯಾಟರಿಯಿಂದ ಬರುವ ಕೇಬಲ್‌ಗೆ ಬ್ಯಾಟರಿ ಹತ್ತಿರವೇ, ಒಂದೂವರೆ ಅಡಿಯೊಳಗೆ ಫ್ಯೂಸ್ ಬೇಕು. ಗ್ರೌಂಡ್ ವೈರ್ (ಆಂಪ್‌ನಿಂದ ಟ್ರಕ್ಕಿನ ಬಾಡಿಗೆ ಹೋಗುವ ನೆಗೆಟಿವ್ ವೈರ್) ಗಿಡ್ಡ ಇರಲಿ, ಬಣ್ಣ ಕೆರೆದು ಬರಿ ಲೋಹಕ್ಕೆ ಬೋಲ್ಟ್ ಮಾಡಿ. ಬಣ್ಣದ ಮೇಲೇ ಬೋಲ್ಟ್ ಮಾಡಿ, ಎಂಜಿನ್ ಜೊತೆ ಏರಿಳಿಯುವ ಕುಂಯ್ ಸದ್ದು ಎಲ್ಲಿಂದ ಅಂತ ಎರಡು ವಾರ ಹುಡುಕಿದವನು ನಾನು.

ಹ್ಯೂಸ್ಟನ್‌ನಿಂದ:

ಆಂಪ್ ಬದಲಿಸುವುದಾದರೆ ಇದನ್ನೂ ಓದಿಕೊಳ್ಳಿ. ಈಚಿನ ಎಷ್ಟೋ ಟ್ರಕ್‌ಗಳ ಚಾವಣಿಯಲ್ಲಿ ಮೈಕ್‌ಗಳಿರುತ್ತವೆ. ಅವು ಎಂಜಿನ್ ಗುಂಯ್‌ಗುಡುವುದನ್ನು ಕೇಳಿಸಿಕೊಂಡು, ಅದಕ್ಕೆ ಉಲ್ಟಾ ಸದ್ದನ್ನು ಸ್ಪೀಕರ್‌ನಿಂದ ಬಿಟ್ಟು ರದ್ದು ಮಾಡುತ್ತವೆ. ಕಂಪನಿಯ ಸಣ್ಣ ಸಬ್‌ಗೆ ಲೆಕ್ಕ ಹಾಕಿದ್ದು. ನಾನು ದೊಡ್ಡದು ಹಾಕಿದ ಮೇಲೆ ಆ ಉಲ್ಟಾ ಸದ್ದೇ ಅತಿಯಾಗಿ, ಹೈವೇಯಲ್ಲಿ ಹೊಟ್ಟೆಯೊಳಗೆ ಗುರ್ರ್ ಅನ್ನುತ್ತಿತ್ತು. ರೇಡಿಯೋ ಆಫ್ ಮಾಡಿದರೂ ನಿಲ್ಲಲಿಲ್ಲ, ಗುಟ್ಟು ಗೊತ್ತಾಗಿದ್ದೇ ಅದರಿಂದ. ಮೈಕ್‌ಗಳ ಕನೆಕ್ಟರ್ ಕಳಚಿದೆ, ನಿಂತಿತು.

ಸ್ಯಾನ್ ಹೊಸೆಯಿಂದ:

ಗಿರಗಿರಕ್ಕೆ ನನ್ನ ಉಪಾಯ: ಫೋನಿನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿ 20ರಿಂದ 120 ಹರ್ಟ್ಜ್‌ವರೆಗೆ ನಿಧಾನ ಏರಿಸಿ. ಮನೆಯವರೊಬ್ಬರನ್ನು ಹಿಂದಿನ ಸೀಟಿಗೆ ಕೂರಿಸಿ. ಸದ್ದು ಎದ್ದ ಕಡೆ ಕೈಯಿಂದ ಒತ್ತಿ ಹಿಡಿಯಲಿ. ನಮ್ಮಲ್ಲಿ 47ಕ್ಕೆ ನಂಬರ್ ಪ್ಲೇಟ್, 62ಕ್ಕೆ ಸೀಟ್ ಬೆಲ್ಟಿನ ಬಕಲ್. ಜಾಕ್ ಮತ್ತು ಪಾನಾ ಇಟ್ಟಿರುವ ಜಾಗ ಮೊದಲು ನೋಡಿ.

ಪ್ರಶ್ನೆ ಕೇಳಿದವರು ಮತ್ತೆ, ಆಸ್ಟಿನ್‌ನಿಂದ:

ಭಾನುವಾರ ಸೀಟು ಎತ್ತಿದೆ. ಕಾರ್ಪೆಟ್ ಒಣಗಿದೆ. ಕಾಯಿಲ್ 3.6 ತೋರಿಸಿತು, ಸೆಲ್ ಮುಟ್ಟಿಸಿದರೆ ಕೋನ್ ಹೊರಗೇ ಬಂತು. ಆದರೆ ಸಬ್ಬನ್ನು ಡಬ್ಬಕ್ಕೆ ಬಿಗಿಯುವ ಆರು ಸ್ಕ್ರೂಗಳಲ್ಲಿ ಮೂರು ಇಲ್ಲ! ಬದಿಯಿಂದ ಗಾಳಿ ಪುಸ್ ಅಂತ ಹೊರಗೆ. ಫೋಮ್ ಟೇಪ್ ಸುತ್ತಿ ಆರೂ ಬಿಗಿದೆ. ಪಾನಾಕ್ಕೆ ಹಳೆಯ ಟವೆಲ್ ಸುತ್ತಿದೆ, ಗಿರಗಿರ ಹೋಯಿತು. ಕೊನೆಗೆ ಮಿಶಿಗನ್‌ನವರು ಹೇಳಿದ ಹಾಗೆ ಪ್ಲಸ್ ಮೈನಸ್ ತಿರುಗಿಸಿದೆ, ಗುಮ್ಮು ಇನ್ನೂ ಜಾಸ್ತಿಯಾಯಿತು. ಕಂಪನಿಯ ಜೋಡಣೆಯೇ ತಪ್ಪಾಗಿರಲು ಸಾಧ್ಯವಾ?

ಮಿಶಿಗನ್‌ನಿಂದ:

ಹಳೆಯ ಮಾಲೀಕ ಬಾಗಿಲಿನ ಸ್ಪೀಕರ್ ಬದಲಿಸಿ ಉಲ್ಟಾ ವೈರ್ ಕೊಟ್ಟಿರಬಹುದು. ಬಾಗಿಲಿನ ಪ್ಯಾನಲ್ ಬಿಚ್ಚಿ ಸೆಲ್ ಹಿಡಿಯಿರಿ. ಎಡಕ್ಕೆ ಒಂದು, ಬಲಕ್ಕೆ ಒಂದು ರೀತಿ ಇದ್ದರೆ ಮೊದಲು ಅದನ್ನು ಸರಿಮಾಡಿ, ಆಮೇಲೆ ಸಬ್ ಮತ್ತೊಮ್ಮೆ ತಿರುಗಿಸಿ ನೋಡಿ.

ಆಸ್ಟಿನ್‌ನಿಂದ:

ಸರಿ, ಮುಂದಿನ ಶನಿವಾರ ಬಾಗಿಲು. ಸದ್ಯಕ್ಕೆ ಖರ್ಚು 9 ಡಾಲರ್, ಟೇಪ್ ಮತ್ತು ಸ್ಕ್ರೂ. ಮೀಟರ್ ಪಕ್ಕದ ಮನೆಯವರದು. ಡೊಳ್ಳು ಹಾಕಿದೆ, ಹಿಂದೆ ಕೂತಿದ್ದ ಮಗಳು "ಅಪ್ಪಾ, ಸೀಟು ಕುಣೀತಿದೆ" ಅಂದಳು. ವಾಲ್ಯೂಮ್ 25 ದಾಟಿದರೆ ಮಾತ್ರ ಬೇಸ್ ಇನ್ನೂ ಇಳಿಯುತ್ತದೆ. ನಾರ್ತ್ ಕ್ಯಾರೊಲಿನಾದವರೇ, ಆ ಎಲ್‌ಸಿ2ಐ ಸೆಕೆಂಡ್ ಹ್ಯಾಂಡ್ ತಗೊಂಡರೆ ನಡೆಯುತ್ತದಾ?

ನಾರ್ತ್ ಕ್ಯಾರೊಲಿನಾದಿಂದ:

ನಡೆಯುತ್ತದೆ. ಜೊತೆಗೆ ಬರುವ ರಿಮೋಟ್ ತಿರುಗಣೆ ಇದೆಯಾ ಕೇಳಿ ತಗೊಳ್ಳಿ, ಮಾರುವವರು ಅದನ್ನೇ ಮರೆಯುತ್ತಾರೆ.