ಮೆಣಸಿನ ಗಿಡದ ಎಲೆ ಮುದುರುತ್ತಿದೆ, ಗಂಧಕ ಹೊಡೆಯಬಹುದಾ?

ಎಲ್ಲರಿಗೂ ನಮಸ್ಕಾರ. ತಾರಸಿಯ ಕುಂಡಗಳಲ್ಲಿ ಆರು ಮೆಣಸಿನ ಗಿಡ ಬೆಳೆಸಿದ್ದೇನೆ. ಬೀಜ ಅಮ್ಮ ಊರಿಂದ ಕೊಟ್ಟಿದ್ದು, ಕಳೆದುಕೊಳ್ಳಲು ಮನಸ್ಸಿಲ್ಲ. ಹೂ ಬಿಡುವ ಹೊತ್ತಿಗೆ ಕುಡಿ ಎಲೆಗಳು ಮುದುರತೊಡಗಿದವು. ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಸ್ವಲ್ಪ ಸೋಪಿನ ನೀರು ಬೆರೆಸಿ ವಾರಕ್ಕೊಮ್ಮೆ ಮೂರು ಸಲ ಸಿಂಪಡಿಸಿದೆ, ಎಲೆಯ ಅಡಿಗೂ. ನಾಲ್ಕು ಗಿಡ ಚೇತರಿಸಿಕೊಂಡವು. ಅವುಗಳ ಎಲೆ ದೋಣಿಯಂತೆ ಮೇಲಕ್ಕೆ ಮಡಚಿತ್ತು, ಥ್ರಿಪ್ಸ್ (ಎಲೆಯ ರಸ ಹೀರುವ ಸಣ್ಣ ಕೀಟ) ಇರಬೇಕು. ಉಳಿದ ಎರಡರಲ್ಲಿ ಎಲೆ ಕೆಳಕ್ಕೆ ಮಡಚಿ, ತೊಟ್ಟು ಉದ್ದವಾಗಿದೆ. ಇದು ಮೈಟ್ ನುಸಿ ಅಲ್ವಾ? ಅದಕ್ಕೇ ನೀರಲ್ಲಿ ಕಲಸುವ ಗಂಧಕದ ಪುಡಿ ತಂದೆ. ಆದರೆ ಎಣ್ಣೆ ಹೊಡೆದ ಬೆನ್ನಿಗೇ ಗಂಧಕ ಹೊಡೆದರೆ ಎಲೆ ಸುಡುತ್ತದಂತೆ. ಎಣ್ಣೆ ಹೊಡೆದು ಐದು ದಿನವಾಯಿತು. ಇನ್ನೆಷ್ಟು ದಿನ ಕಾಯಬೇಕು? ಲೀಟರಿಗೆ ಎಷ್ಟು ಗ್ರಾಂ? ಮಾಡಿ ನೋಡಿದವರು ದಯವಿಟ್ಟು ಹೇಳಿ.