ಪೆಟ್ ಸ್ಕ್ಯಾನಿನಲ್ಲಿ ಏನೂ ಉಳಿದಿಲ್ಲವೆಂದ ಮೇಲೂ ರೇಡಿಯೇಷನ್ ಬೇಕೇ?

ಮದ್ದೂರಿನ ಸೋದರಮಾವ:
ನನ್ನ ತಂಗಿಯ ಮಗಳಿಗೆ 24 ವರ್ಷ. ಹಾಡ್ಜ್‌ಕಿನ್ ಲಿಂಫೋಮಾ, ಅಂದರೆ ದುಗ್ಧಗ್ರಂಥಿಗಳ ಕ್ಯಾನ್ಸರ್, ಮೊದಲ ಹಂತದಲ್ಲಿಯೇ ಪತ್ತೆಯಾಯಿತು. ಜ್ವರ, ಬೆವರು, ತೂಕದ ಇಳಿಕೆ ಯಾವುದೂ ಇರಲಿಲ್ಲ. ಎಬಿವಿಡಿ ಎಂಬ ನಾಲ್ಕು ಔಷಧಿಗಳ ಕೀಮೋ ಎರಡು ಸೈಕಲ್ ಮುಗಿದಿದ್ದು, ಪೆಟ್ ಸ್ಕ್ಯಾನಿನಲ್ಲಿ ಡೋವಿಲ್ ಅಂಕ 2 ಬಂದಿದೆ, ಅಂದರೆ ಚಟುವಟಿಕೆಯಿರುವ ರೋಗ ಕಾಣುತ್ತಿಲ್ಲ. ಆದರೂ ಮೈಸೂರಿನ ವೈದ್ಯರು ದಿನಕ್ಕೆ 2 ಗ್ರೇಯಂತೆ (ಗ್ರೇ ಎಂದರೆ ವಿಕಿರಣದ ಅಳತೆ) ಹತ್ತು ದಿನ, ಒಟ್ಟು 20 ಗ್ರೇ ರೇಡಿಯೇಷನ್ ಆಗಲೇಬೇಕೆನ್ನುತ್ತಾರೆ. ‘ಕಾಯಿಲೆ ಇಲ್ಲವೆಂದು ಬರೆದುಕೊಟ್ಟ ಮೇಲೂ ಮಗೂಗೆ ಕರೆಂಟ್ ಯಾಕಣ್ಣ ಇಡಿಸಬೇಕು’ ಎಂದು ತಂಗಿ ಕೇಳುತ್ತಾಳೆ. ಅವಳಿಗೆ ಏನು ಹೇಳಬೇಕೆಂದು ನನಗೆ ತೋಚುತ್ತಿಲ್ಲ.

ಸರಸ್ವತಿಪುರಂನ ಸಂಖ್ಯಾಶಾಸ್ತ್ರ ಅಧ್ಯಾಪಕ:
ನಿಮ್ಮ ತಂಗಿಯವರ ಪ್ರಶ್ನೆ ನ್ಯಾಯವಾದದ್ದು. ಜರ್ಮನಿಯ ಎಚ್‌ಡಿ16 ಅಧ್ಯಯನದಲ್ಲಿ ಇಂಥದೇ ರೋಗಿಗಳನ್ನು, ಅಂದರೆ ಎರಡು ಸೈಕಲ್ ಬಳಿಕ ಪೆಟ್ ಶುದ್ಧವಾಗಿದ್ದವರನ್ನು, ಎರಡು ಗುಂಪು ಮಾಡಿ ನೋಡಿದರು. ಐದು ವರ್ಷ ರೋಗ ಮರುಕಳಿಸದೆ ಉಳಿದವರು ರೇಡಿಯೇಷನ್ ಪಡೆದ ಗುಂಪಿನಲ್ಲಿ ಶೇ. 93.4, ಪಡೆಯದ ಗುಂಪಿನಲ್ಲಿ ಶೇ. 86.1. ಬದುಕುಳಿದವರ ಪ್ರಮಾಣದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಇದರರ್ಥ, ಸುಮಾರು ಏಳು ಮಂದಿಯ ಮರುಕಳಿಕೆಯನ್ನು ತಡೆಯುವುದಕ್ಕಾಗಿ ನೂರು ಮಂದಿಗೂ ವಿಕಿರಣ ಹಾಯಿಸುತ್ತೇವೆ, ಅವರಲ್ಲಿ 86 ಮಂದಿಗೆ ಅದರ ಅಗತ್ಯವೇ ಇರಲಿಲ್ಲ. ಇಪ್ಪತ್ನಾಲ್ಕರ ಹುಡುಗಿಗೆ ಮುಂದೆ ಐವತ್ತು ವರ್ಷಗಳ ಬಾಳು ಇದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಯಾದವಗಿರಿಯ ನಿವೃತ್ತ ವಿಕಿರಣ ಚಿಕಿತ್ಸಾ ತಜ್ಞೆ:
ಅಂಕಿಗಳು ಸರಿಯಾಗಿವೆ, ಆದರೆ ಬದುಕುಳಿದವರ ಪ್ರಮಾಣ ಏಕೆ ಸಮನಾಯಿತು ಎಂಬುದನ್ನು ನೀವು ಬಿಟ್ಟಿದ್ದೀರಿ. ರೋಗ ಮರುಕಳಿಸಿದವರನ್ನು ಎರಡನೆಯ ಬಾರಿ ಕಟುವಾದ ಕೀಮೋ ಕೊಟ್ಟು, ಬಹಳಷ್ಟು ಸಂದರ್ಭಗಳಲ್ಲಿ ಅವರದೇ ಆಕರಕೋಶಗಳ (ಸ್ಟೆಮ್ ಸೆಲ್) ಕಸಿ ಮಾಡಿ ಉಳಿಸಿಕೊಂಡದ್ದರಿಂದ ಅದು ಸಮನಾಯಿತು. ಆ ಕಸಿಗೆ ಮುನ್ನ ಕೊಡುವ ಕೀಮೋದಿಂದ ಮುಂದೆ ಮಕ್ಕಳಾಗುವ ಸಾಧ್ಯತೆ ಕುಂದಬಹುದು, ವಾರಗಟ್ಟಲೆ ಆಸ್ಪತ್ರೆವಾಸ, ಖರ್ಚಂತೂ ಮನೆ ಮಾರುವ ಮಟ್ಟದ್ದು. ನಿಮ್ಮ ಕೋಷ್ಟಕದಲ್ಲಿ ಅವರು ‘ಬದುಕಿದ್ದಾರೆ’ ಎಂಬ ಒಂದೇ ಕಲಂನಲ್ಲಿ ಬರುತ್ತಾರೆ.

ಇನ್ನೊಂದು ವಿಷಯವನ್ನೂ ಹೇಳಬೇಕು. ರೇಡಿಯೇಷನ್ ಬೇಡವೆಂದರೆ ಅಷ್ಟಕ್ಕೇ ಮುಗಿಯಿತೆಂದಲ್ಲ. ಸಾಮಾನ್ಯವಾಗಿ ಅದರ ಬದಲಿಗೆ ಒಂದೆರಡು ಸೈಕಲ್ ಕೀಮೋ ಹೆಚ್ಚಾಗುತ್ತದೆ. ಎಬಿವಿಡಿಯಲ್ಲಿರುವ ಡಾಕ್ಸೊರುಬಿಸಿನ್ ಹೃದಯಕ್ಕೂ ಬ್ಲಿಯೊಮೈಸಿನ್ ಶ್ವಾಸಕೋಶಕ್ಕೂ ಹೊರೆಯಾಗುತ್ತವೆ. 2010ರಲ್ಲಿ ಪ್ರಕಟವಾದ ಎಚ್‌ಡಿ10 ಅಧ್ಯಯನ, ಪ್ರತಿಕೂಲ ಲಕ್ಷಣಗಳಿಲ್ಲದ ಆರಂಭಿಕ ರೋಗಕ್ಕೆ ಎರಡು ಸೈಕಲ್ ಮತ್ತು 20 ಗ್ರೇ ಸೇರಿದರೆ, ನಾಲ್ಕು ಸೈಕಲ್ ಮತ್ತು 30 ಗ್ರೇಯಷ್ಟೇ ಫಲ ಸಿಗುತ್ತದೆಂದು ತೋರಿಸಿತು. ಎರಡನ್ನೂ ಸೇರಿಸಿದ್ದರಿಂದಲೇ ಎರಡನ್ನೂ ಇಳಿಸಲು ಸಾಧ್ಯವಾಯಿತು. ಅಂದಹಾಗೆ, ಪೆಟ್ ಸ್ಕ್ಯಾನ್ ಸಕ್ಕರೆ ಹೀರುವ ಜೀವಕೋಶಗಳ ಗುಂಪನ್ನು ಕಾಣುತ್ತದೆಯೇ ಹೊರತು ಉಳಿದುಕೊಂಡ ಬೆರಳೆಣಿಕೆಯ ಕೋಶಗಳನ್ನಲ್ಲ.

ಮಂಡ್ಯದ ಹಳೆಯ ರೋಗಿ:
ನಾನು ಆ ಕಡೆಯಿಂದ ಬಂದವನು, ಆದ್ದರಿಂದ ಒಂದು ಮಾತು. 1989ರಲ್ಲಿ, ನನಗೆ 19 ವರ್ಷವಾಗಿದ್ದಾಗ, ಇದೇ ಕಾಯಿಲೆಗೆ ಕುತ್ತಿಗೆ, ಕಂಕುಳು, ಎದೆ ಎಲ್ಲಕ್ಕೂ ವಿಕಿರಣ ಕೊಟ್ಟರು. ರೋಗ ಮತ್ತೆ ತಲೆ ಎತ್ತಲಿಲ್ಲ. ಆದರೆ ಮೂವತ್ತರಿಂದ ದಿನವೂ ಬೆಳಿಗ್ಗೆ ಥೈರಾಯ್ಡ್ ಮಾತ್ರೆ ನುಂಗುತ್ತಿದ್ದೇನೆ, 46ಕ್ಕೆ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಬಿತ್ತು. ಬೀಡಿ ಸಿಗರೇಟು ಮುಟ್ಟಿದವನಲ್ಲ. ವಿಕಿರಣದ ಬಿಲ್ ಕೈಗೆ ಬರುವುದು ಬಹಳ ತಡವಾಗಿ ಎಂಬುದನ್ನು ವೈದ್ಯರು ಮರೆಯಬಾರದು.

ಯಾದವಗಿರಿಯ ತಜ್ಞೆ:
ನಿಮ್ಮ ಅನುಭವವನ್ನು ಅಲ್ಲಗಳೆಯಲಾರೆ. ನಿಮಗೆ ಹಾಯಿಸಿದ್ದು ಮ್ಯಾಂಟಲ್ ಕ್ಷೇತ್ರ, ಮೈಮೇಲೆ ಹೊದ್ದ ಶಾಲಿನಂತೆ ಇಡೀ ಮೇಲುಭಾಗವನ್ನು ಆವರಿಸುವಂಥದ್ದು. ಪ್ರಮಾಣವೂ ಈಗಿನ ದುಪ್ಪಟ್ಟಿಗೆ ಹತ್ತಿರವಿರುತ್ತಿತ್ತು. ಆ ಕ್ಷೇತ್ರದಲ್ಲಿ ಸ್ತನದ ಅಂಗಾಂಶವೂ ಸೇರಿದ್ದರಿಂದ, ಮೂವತ್ತರೊಳಗೆ ಚಿಕಿತ್ಸೆ ಪಡೆದ ಹೆಣ್ಣುಮಕ್ಕಳಲ್ಲಿ ದಶಕಗಳ ಬಳಿಕ ಸ್ತನ ಕ್ಯಾನ್ಸರ್ ಹೆಚ್ಚಾಗಿ ಕಂಡಿತು. ಈಗ ಮೊದಲು ರೋಗವಿದ್ದ ಗ್ರಂಥಿಗಳ ಜಾಗಕ್ಕೆ, ಸುತ್ತ ಸ್ವಲ್ಪ ಅಂಚು ಬಿಟ್ಟು, ಅಷ್ಟಕ್ಕೇ ಕೊಡುತ್ತಾರೆ. ಆದರೂ ಎದೆಗೂಡಿನ ನಡುವೆ ಗಂಟಿದ್ದ ಹುಡುಗಿಯಾದರೆ ನಾನೇ ಎರಡು ಸಲ ಯೋಚಿಸುತ್ತಿದ್ದೆ. ಆದ್ದರಿಂದ ಮದ್ದೂರಿನವರೇ, ಗಂಟು ಇದ್ದದ್ದೆಲ್ಲಿ?

ಮದ್ದೂರಿನ ಸೋದರಮಾವ:
ಬಲಗುತ್ತಿಗೆಯಲ್ಲಿ, ಕೊರಳೆಲುಬಿನ ಮೇಲ್ಭಾಗದವರೆಗೆ. ಎದೆಯಲ್ಲಿ, ಕಂಕುಳಲ್ಲಿ ಏನೂ ಇರಲಿಲ್ಲ.

ಸರಸ್ವತಿಪುರಂನ ಅಧ್ಯಾಪಕ:
ಹಾಗಿದ್ದರೆ ನನ್ನ ವಾದದ ಅರ್ಧ ಬಲ ಇಳಿಯಿತೆಂದು ಒಪ್ಪುತ್ತೇನೆ, ಏಕೆಂದರೆ ಹೃದಯವೂ ಸ್ತನವೂ ಬಹುಮಟ್ಟಿಗೆ ಕ್ಷೇತ್ರದ ಹೊರಗೇ ಉಳಿಯುತ್ತವೆ. ಉಳಿದರ್ಧವನ್ನು ಬಿಡಲಾರೆ. ಈಗ ಏಳು ಮಂದಿಗಾಗಿ ನೂರು ಮಂದಿ ಸಣ್ಣ ಬೆಲೆ ತೆರುವುದೋ, ಮುಂದೆ ಆ ಏಳು ಮಂದಿ ದೊಡ್ಡ ಬೆಲೆ ತೆರುವುದೋ ಎಂಬುದನ್ನು ಅಧ್ಯಯನಗಳು ತೀರ್ಮಾನಿಸಲಾರವು. ಇಷ್ಟು ಹೊತ್ತು ತಾಯಿಯ ಮಾತು, ಮಾವನ ಮಾತು, ನಮ್ಮೆಲ್ಲರ ಮಾತು ಬಂದಿತು. ಹುಡುಗಿ ಏನೆನ್ನುತ್ತಾಳೆಂದು ಯಾರೂ ಕೇಳಲಿಲ್ಲ.

ಮದ್ದೂರಿನ ಸೋದರಮಾವ:
ಈ ಮಾತು ನಾಟಿತು, ಆದ್ದರಿಂದ ರಾತ್ರಿ ಅವಳನ್ನೇ ಕೂರಿಸಿಕೊಂಡು ಇದನ್ನೆಲ್ಲ ಓದಿ ಹೇಳಿದೆ. ಕಸಿಯ ವಿಷಯ ಬಂದಾಗ ಮಾತ್ರ ನಿಲ್ಲಿಸಿ ಮತ್ತೊಮ್ಮೆ ಓದಿಸಿದಳು. ಆಮೇಲೆ, ‘ಹತ್ತು ದಿನ ತಾನೇ ಮಾವ, ಮೈಸೂರಿನ ಚಿಕ್ಕಮ್ಮನ ಮನೆಯಲ್ಲಿದ್ದು ಮುಗಿಸಿಕೊಳ್ಳುತ್ತೇನೆ, ಮತ್ತೆ ಕೀಮೋ ಎಂದರೆ ನನ್ನ ಕೈಲಾಗದು’ ಎಂದಳು. ತಂಗಿ ಇನ್ನೂ ಮುನಿಸಿಕೊಂಡಿದ್ದಾಳೆ.

ಮಂಡ್ಯದ ಹಳೆಯ ರೋಗಿ:
ಅವಳ ತೀರ್ಮಾನ ಅವಳದು, ಒಳ್ಳೆಯದಾಗಲಿ. ಎರಡು ಕೆಲಸ ಮಾತ್ರ ತಪ್ಪದೆ ಮಾಡಿಸಿ. ಚಿಕಿತ್ಸೆ ಆರಂಭವಾಗುವ ಮುನ್ನವೇ ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ, ಆಮೇಲೆ ವರ್ಷಕ್ಕೊಮ್ಮೆ ನೋಡಿಸುತ್ತಿರಿ, ಏಕೆಂದರೆ ಕುತ್ತಿಗೆಗೆ ವಿಕಿರಣ ಬಿದ್ದವರ ಥೈರಾಯ್ಡ್ ಸದ್ದಿಲ್ಲದೆ ಸೋಲುತ್ತದೆ. ಮುಗಿದ ದಿನ, ಯಾವ ಜಾಗಕ್ಕೆ ಎಷ್ಟು ಗ್ರೇ ಎಂದು ಬರೆದ ಹಾಳೆಯನ್ನು ಕೇಳಿ ಪಡೆದು ಎರಡು ಪ್ರತಿ ಇಟ್ಟುಕೊಳ್ಳಿ. ನನ್ನ ಫೈಲು ಹೆಂಚಿನ ಮನೆಯ ಸೋರಿಕೆಯಲ್ಲಿ ನೆನೆದುಹೋಯಿತು. ಸ್ಟೆಂಟ್ ಹಾಕುವಾಗ ಹೃದಯದ ವೈದ್ಯರು ಕೇಳಿದ ಮೊದಲ ಪ್ರಶ್ನೆಗೇ ನನ್ನ ಬಳಿ ಉತ್ತರವಿರಲಿಲ್ಲ.